ದಿನಾ ಅದೇ ಹೊಳೆ, ಅದೇ ಮಂಟಪ: ತುಂಗೆ ದಡದ ಫೋಟೋ ಅಭ್ಯಾಸ ನಿಲ್ಲದ ಹಾಗೆ ನೋಡ್ಕೊಳ್ಳೋದು ಹೇಗೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸ, ಟ್ರಾನ್ಸ್‌ಫರ್ ಆಗಿ ಶಿವಮೊಗ್ಗಕ್ಕೆ ಬಂದು ಒಂದು ವರ್ಷ ಆಯ್ತು. ಶಿವರಾತ್ರಿ ಮಾರನೇ ದಿನದಿಂದ ದಿನಾ ಬೆಳಗ್ಗೆ ತುಂಗಾ ಹೊಳೆ ದಡದಲ್ಲಿ ವಾಕಿಂಗ್ ಮಾಡ್ತಾ ಒಂದಾದ್ರೂ ಒಳ್ಳೆ ಫೋಟೋ ತೆಗೀಬೇಕು ಅಂತ ಹಟ ಹಿಡಿದೆ. 62 ದಿನ ಒಂದೂ ತಪ್ಪಿಸ್ಲಿಲ್ಲ. ಆಮೇಲೆ ಬೇಜಾರು ಹತ್ತಿಬಿಡ್ತು, ದಿನಾ ಅದೇ ನೀರು, ಅದೇ ಮಂಟಪ, ಅದೇ ಬೆಳ್ಳಕ್ಕಿ. ಈಗ ಮೂರು ವಾರದಿಂದ ಕ್ಯಾಮೆರಾ ಬ್ಯಾಗಲ್ಲೇ ಇದೆ. ನನ್ನತ್ರ ಇರೋದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮಿಮೀ ಕಿಟ್ ಲೆನ್ಸ್. ದೂರದ್ದನ್ನ ಹತ್ತಿರ ತೋರಿಸೋ ದೊಡ್ಡ ಟೆಲಿ ಲೆನ್ಸ್ ತಗೊಂಡ್ರೆ ಉತ್ಸಾಹ ವಾಪಸ್ ಬರತ್ತಾ? ಇನ್ನೊಂದು, ಬಟ್ಟೆ ಒಗೆಯೋರು, ಸ್ನಾನ ಮಾಡೋರು ಇರೋ ಕಡೆ ಕ್ಯಾಮೆರಾ ಎತ್ತಿದ್ರೆ ಜನ ಗುರಾಯಿಸ್ತಾರೆ, ಏನ್ ಮಾಡ್ಲಿ?

ಉತ್ತರ: ನೀವು ಕಳಿಸಿದ 12 ಫೋಟೋನೂ ನಿಧಾನಕ್ಕೆ ನೋಡಿದೆ. 62 ದಿನ ಬಿಡದೆ ಹೊಳೆಗೆ ಹೋಗಿದೀರಲ್ಲ, ಅಷ್ಟು ಮಾಡೋರೇ ಕಡಿಮೆ. ಬೇಜಾರು ಬಂದಿದ್ದಕ್ಕೆ ಕಾರಣ ನಿಮ್ಮ ಕೈಯಲ್ಲೂ ಇಲ್ಲ ಲೆನ್ಸಲ್ಲೂ ಇಲ್ಲ, ನೀವು ಶುರು ಮಾಡಿದ ಕಾಲದಲ್ಲಿದೆ. ಶಿವರಾತ್ರಿಯಿಂದ ಏಪ್ರಿಲ್ ಕೊನೆವರೆಗೆ ತುಂಗೆ ಇಡೀ ವರ್ಷದಲ್ಲೇ ಅತಿ ಕಡಿಮೆ ಬದಲಾಗೋದು, ನೀರು ಇಳಿದು ಬಂಡೆ ಮಧ್ಯೆ ನಿಂತಿರತ್ತೆ, ಆಕಾಶದಲ್ಲಿ ಮೋಡ ಇರಲ್ಲ, ಎಂಟು ಗಂಟೆ ಆಗೋದ್ರೊಳಗೆ ಬಿಸಿಲು ಚುರುಕಾಗಿ ನೆರಳೆಲ್ಲ ಕಪ್ಪು ಕಪ್ಪಾಗತ್ತೆ. ಹೊಳೆ ಸುಮ್ಮನೆ ಮಲಗಿರೋ ಹೊತ್ತಲ್ಲಿ ನೀವು ದಿನಕ್ಕೊಂದು ಹೊಸ ಫೋಟೋ ಕೊಡು ಅಂತ ಅದನ್ನ ಕೇಳ್ತಾ ಇದ್ರಿ.

ನಾನು ಇದೇ ಊರಲ್ಲಿ ಹುಟ್ಟಿದವನು, ಇದೇ ಹೊಳೆ ಫೋಟೋ ತೆಗೀತಾ ಇಪ್ಪತ್ತು ವರ್ಷದ ಹತ್ತಿರ ಆಯ್ತು, ಆ ಅನುಭವದಲ್ಲಿ ಹೇಳೋದು ಒಂದೇ. ದಿನಾ ಹೊಸ ಫೋಟೋ ಹುಡುಕ್ಬೇಡಿ. ದಿನಾ ಅದೇ ಫೋಟೋ ತೆಗೀರಿ. ಒಂದು ಜಾಗ, ಒಂದು ಫ್ರೇಮ್, ಅದು ಮುಗಿದ ಮೇಲೆ ಮನಸ್ಸಿದ್ರೆ ಬೇರೆ ಫೋಟೋ, ಇಲ್ದಿದ್ರೆ ಸೀದಾ ಮನೆಗೆ. ಆ ಒಂದು ಫ್ರೇಮಿಗೆ ಎರಡು ನಿಮಿಷ ಸಾಕು, ತಲೆನೋವಿದ್ರೂ ತೆಗೀಬಹುದು, ಆಡಿಟ್ ಇದ್ರೂ ತೆಗೀಬಹುದು, ಒಳ್ಳೇದು ಬಂತಾ ಕೆಟ್ಟದ್ದು ಬಂತಾ ಅನ್ನೋ ಲೆಕ್ಕಾನೇ ಅಲ್ಲಿರಲ್ಲ. ಅಭ್ಯಾಸ ಉಳಿಯೋದು ಹೀಗೆ, ಉತ್ಸಾಹ ನಂಬ್ಕೊಂಡ್ರೆ ಎರಡು ತಿಂಗಳಿಗೆ ಕೈ ಕೊಡತ್ತೆ.

ನಿಮಗೆ ಫ್ರೇಮ್ ಯಾವುದು ಅಂತ ಹುಡುಕೋ ಕಷ್ಟಾನೂ ಇಲ್ಲ. ಬೇಜಾರು ಅಂತ ಬರೆದ್ರಲ್ಲ, ಅದೇ ಮಂಟಪ. ಹಳೇ ಸೇತುವೆ ಹತ್ರ ಕೋರ್ಪಲಯ್ಯನ ಛತ್ರದ ಎದುರು ಹೊಳೇಲಿ ನಿಂತಿರೋ ಆ ಕಲ್ಲಿನ ಮಂಟಪ ಶಿವಮೊಗ್ಗದೋರಿಗೆ ಬರೀ ಮಂಟಪ ಅಲ್ಲ ಮಾರಾಯ್ರೆ, ಅದು ಅಳತೆಗೋಲು. ಜುಲೈ ಬಂತು ಅಂದ್ರೆ ಹೊಳೆ ಎಷ್ಟು ಬಂದಿದೆ ಅಂತ ಇಲ್ಲಿ ಯಾರೂ ಅಡಿ ಲೆಕ್ಕದಲ್ಲಿ ಕೇಳಲ್ಲ, "ಮಂಟಪ ಮುಳುಗ್ತಾ?" ಅಂತಾನೇ ಕೇಳೋದು. ಮುಳುಗಿದ ದಿನ ಸೇತುವೆ ಮೇಲೆ ಜಾತ್ರೆ ಥರ ಜನ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರ್ತಾರೆ, ಕೊಡೆ ಕೊಡೆ ತಾಗತ್ತೆ, ಕೆಲವರು ಅರಿಶಿನ ಕುಂಕುಮ ಹಾಕಿ ಕೈ ಮುಗೀತಾರೆ. 2019ರ ಆಗಸ್ಟ್ ನೆರೆ ಹೊತ್ತಲ್ಲಿ ನಾನು ಅಲ್ಲಿ ನಿಂತಿದ್ದೆ, ಪಕ್ಕದಲ್ಲಿ ಒಬ್ರು ಅಜ್ಜ, ಕಣ್ಣು ಮಂಜಾಗಿದೆ ಅಂತ ಕಾಣತ್ತೆ, ಐದೈದು ನಿಮಿಷಕ್ಕೂ "ತಮ್ಮಾ, ಕಾಣ್ತದಾ ಇನ್ನೂ?" ಅಂತ ಕೇಳ್ತಾ ಇದ್ರು. ಆವತ್ತು ನಾನು ತೆಗೆದ ಫೋಟೋದಲ್ಲಿ ಮಂಟಪಾನೇ ಇಲ್ಲ, ಕೆಂಪು ನೀರು ಒಂದು ಕಡೆ ಸುಳಿ ಸುತ್ಕೊಂಡು ಸ್ವಲ್ಪ ಉಬ್ಬಿದೆ ಅಷ್ಟೇ. ಅದೊಂದನ್ನೇ ತೋರಿಸಿದ್ರೆ ಯಾರಿಗೂ ಏನೂ ಅನ್ಸಲ್ಲ. ಅದಕ್ಕೂ ಮುಂಚಿನ 40 ದಿನದ ಅದೇ ಫ್ರೇಮ್ ಸಾಲಾಗಿ ಇಟ್ಟು ಕೊನೇಲಿ ಅದನ್ನಿಟ್ರೆ ನೋಡೋರು ಮಾತಾಡಲ್ಲ.

ಈಗ ಆ ಫ್ರೇಮ್ ಕಟ್ಟೋ ಕ್ರಮ. ನಿಮ್ಮ 12ರಲ್ಲಿ 5 ಮಂಟಪದ್ದೇ ಇವೆ, ಆದ್ರೆ ಐದೂ ಬೇರೆ ಬೇರೆ ಕಡೆಯಿಂದ ತೆಗೆದಿದೀರಿ, ಒಂದನ್ನ ಇನ್ನೊಂದರ ಪಕ್ಕ ಇಟ್ಟು ನೋಡಕ್ಕಾಗಲ್ಲ. ನಿಂತ ಜಾಗ ಒಂದು ಹೆಜ್ಜೆ ಆಚೀಚೆ ಆದ್ರೂ ಫ್ರೇಮ್ ಬೇರೆ ಆಗೋಗತ್ತೆ. ಇದಕ್ಕೆ ಸೇತುವೆ ರೇಲಿಂಗ್ ಮೇಲೆ ಗೀಚಿ ಗುರುತು ಮಾಡೋದೆಲ್ಲ ಬೇಡ. ಮಂಟಪದ ಒಂದು ಕಂಬ ತಗೊಳ್ಳಿ, ಅದರ ಹಿಂದೆ ಆಚೆ ದಡದಲ್ಲಿ ಅಲುಗಾಡದೇ ಇರೋದು ಏನಾದ್ರೂ ಒಂದು, ಯಾವುದೋ ಕಟ್ಟಡದ ಮೂಲೆ ಆದ್ರೂ ಸರಿ, ಅದನ್ನ ಹುಡುಕಿ, ಎರಡೂ ಒಂದೇ ಗೆರೇಲಿ ಬರೋ ತನಕ ರೇಲಿಂಗಿಗೆ ಒರಗ್ಕೊಂಡೇ ಪಕ್ಕಕ್ಕೆ ಸರೀರಿ. ಹತ್ತಿರದ ವಸ್ತುವೂ ದೂರದ ವಸ್ತುವೂ ಒಂದೇ ಗೆರೇಲಿ ಸೇರೋದು ನೀವು ಆ ಗೆರೆ ಮೇಲೆ ನಿಂತಾಗ ಮಾತ್ರ, ಹಂಗಾಗಿ ಎಷ್ಟು ವರ್ಷ ಬಿಟ್ಟು ಬಂದ್ರೂ ಅದೇ ಜಾಗ ಸಿಗತ್ತೆ. ಮರ ಮಾತ್ರ ಗುರುತಿಗೆ ಇಟ್ಕೋಬೇಡಿ, ಮಳೆಗಾಲದಲ್ಲಿ ಯಾವ ಮರ ಯಾವಾಗ ಬೀಳತ್ತೆ ಹೇಳಕ್ಕಾಗಲ್ಲ. ಲೆನ್ಸ್ ಬಗ್ಗೆ ಕೇಳಿದ್ರಿ, ಇಲ್ಲೇ ಹೇಳ್ಬಿಡ್ತೀನಿ, ನಿಮ್ಮ 18-55ನ 35ಕ್ಕೆ ತಿರುಗಿಸಿ ಅಲ್ಲೇ ಬಿಡಿ, ಕ್ರಾಪ್ ಸೆನ್ಸರಲ್ಲಿ ಅದು ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾದ 50 ಮಿಮೀಗೆ ಹತ್ತಿರ ಬರತ್ತೆ, ತೀರಾ ಅಗಲಾನೂ ಅಲ್ಲ ತೀರಾ ಹತ್ತಿರಾನೂ ಅಲ್ಲ. ಕ್ಯಾಮೆರಾದ ಗ್ರಿಡ್ ಆನ್ ಮಾಡಿ ಆಚೆ ದಡದ ಗೆರೆನ ಮೇಲಿನ ಗೀಟಿಗೆ ಕೂರಿಸಿ. ಮುಗೀತು. ದೊಡ್ಡ ಲೆನ್ಸ್ ಒಂದು ವರ್ಷ ಬೇಡ, ಆ ದುಡ್ಡು ಹಂಗೇ ಇರಲಿ.

ವೈಟ್ ಬ್ಯಾಲೆನ್ಸ್, ಅಂದ್ರೆ ಕ್ಯಾಮೆರಾ ಬಣ್ಣ ಸರಿ ಮಾಡ್ಕೊಳ್ಳೋ ಸೆಟ್ಟಿಂಗ್, ಅದರ ವಿಷಯದಲ್ಲಿ ಮಾತ್ರ ನಾನು ಹಟ ಮಾಡ್ತೀನಿ. ನೀವು ಆಟೋದಲ್ಲಿ ಇಟ್ಟಿದೀರಿ, ಕೇಳದೇನೇ ಗೊತ್ತಾಗತ್ತೆ, ಯಾಕಂದ್ರೆ ಬೆಳಗ್ಗೆ ಆರೂವರೆ ಫೋಟೋನೂ ಒಂಬತ್ತರ ಫೋಟೋನೂ ಒಂದೇ ಬಣ್ಣ ಇದೆ. ಆಟೋ ಮಾಡೋ ಕೆಲಸಾನೇ ಅದು, ಯಾವ ಬಣ್ಣ ಜಾಸ್ತಿ ಕಾಣತ್ತೋ ಅದನ್ನ ತಗ್ಗಿಸಿ ಸಮ ಮಾಡೋದು. ಇನ್ನೇನು ಜೂನಲ್ಲಿ ಹೊಸ ನೀರು ಬರತ್ತೆ, ಮಲೆನಾಡಿನ ಕೆಂಪು ಮಣ್ಣು ಕದಡ್ಕೊಂಡು ಬರೋ ನೀರು, ಅದಕ್ಕೆ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ ಇರತ್ತೆ, ಒಂದು ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗತ್ತೆ, ಸೆಪ್ಟೆಂಬರ್ ಕೊನೆಗೆ ನಿಧಾನಕ್ಕೆ ಹಸಿರಾಗತ್ತೆ. ಇಷ್ಟೂ ಬದಲಾವಣೆನ ಆಟೋ ವೈಟ್ ಬ್ಯಾಲೆನ್ಸ್ ಒರೆಸಿ ಹಾಕತ್ತೆ. ಡೇಲೈಟ್ ಅಂತ ಒಂದು ಸೆಟ್ಟಿಂಗ್ ಇದೆ, ಸೂರ್ಯನ ಚಿತ್ರ ಇರತ್ತೆ, ಅದಕ್ಕೆ ಹಾಕಿ ವರ್ಷಪೂರ್ತಿ ಮುಟ್ಬೇಡಿ. ಸೆನ್ಸರ್ ಕಂಡಿದ್ದನ್ನ ಹಂಗೇ ಉಳಿಸೋ ರಾ ಫಾರ್ಮ್ಯಾಟಲ್ಲಿ ತೆಗೆದ್ರೆ ಆಮೇಲೂ ಬದಲಾಯಿಸಬಹುದು ನಿಜ, ಆದ್ರೂ ದಿನಾ ಸ್ಕ್ರೀನಲ್ಲಿ ನೋಡೋ ಬಣ್ಣ ಒಂದೇ ಅಳತೇದಾಗಿದ್ರೆ ಕಣ್ಣು ಪಳಗತ್ತೆ.

ಎಕ್ಸ್‌ಪೋಷರ್ (ಫೋಟೋಗೆ ಬೀಳೋ ಬೆಳಕು) ವಿಷಯ ಚಿಕ್ಕದಾಗಿ. ಕಪ್ಪು ನೀರಲ್ಲಿ ಒಂಟಿ ಬೆಳ್ಳಕ್ಕಿ ಇದ್ರೆ ಕ್ಯಾಮೆರಾ ಇಡೀ ಫ್ರೇಮ್ ಕತ್ತಲು ಅನ್ಕೊಂಡು ಬೆಳಕು ಏರಿಸತ್ತೆ, ಹಕ್ಕಿ ಸುಣ್ಣದ ಮುದ್ದೆ ಥರ ಆಗತ್ತೆ, ನಿಮ್ಮ ಏಳನೇ ಫೋಟೋದಲ್ಲಿ ಆಗಿರೋದು ಅದೇ, ಕ್ಯಾಮೆರಾದ ಪ್ಲಸ್-ಮೈನಸ್ ಸೆಟ್ಟಿಂಗಲ್ಲಿ ಮೈನಸ್ 1 ಹಾಕಿದ್ರೆ ಗರಿ ಗರಿ ಕಾಣತ್ತೆ. ಡಿಸೆಂಬರ್, ಜನವರೀಲಿ ನೀರು ಗಾಳಿಗಿಂತ ಬೆಚ್ಚಗಿರೋದ್ರಿಂದ ಹೊಳೆ ಮೇಲೆ ಹಬೆ ಏಳತ್ತಲ್ಲ, ಆಗ ಇದರ ಉಲ್ಟಾ, ಎಲ್ಲಾ ಬೆಳ್ಳಗಿದೆ ಅಂತ ಕ್ಯಾಮೆರಾ ಇಳಿಸಿ ಮಂಜನ್ನ ಬೂದಿ ಮಾಡಿಬಿಡತ್ತೆ, ಪ್ಲಸ್ 1ರ ತನಕ ಏರಿಸಿ. ಕ್ಯಾಮೆರಾ ಒಯ್ಯದ ದಿನ ಮೊಬೈಲಲ್ಲೂ ಮಾಡಬಹುದು, ಹಕ್ಕಿ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ ಬೆಳಕು ಇಳಿಸೋದು.

ಸೂರ್ಯ ಹುಟ್ಟೋ ಜಾಗ ಸರಿಯೋದನ್ನ ನೋಡೋದಂತೂ ಈ ಅಭ್ಯಾಸದ ದೊಡ್ಡ ಖುಷಿ. ನಮ್ಮೂರು ಹೆಚ್ಚುಕಮ್ಮಿ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಂಗಾಗಿ ಜೂನ್ 21ರ ಹೊತ್ತಿಗೆ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ತಾನೆ, ಡಿಸೆಂಬರ್ 21ಕ್ಕೆ ಅಷ್ಟೇ ದಕ್ಷಿಣಕ್ಕೆ. ತುಂಗೆ ಇಲ್ಲಿ ಹೆಚ್ಚುಕಮ್ಮಿ ನೈಋತ್ಯದಿಂದ ಈಶಾನ್ಯಕ್ಕೆ ಹರಿದು ಭದ್ರೆ ಸೇರೋ ಕೂಡ್ಲಿಗೆ ಹೋಗೋದ್ರಿಂದ ಸೇತುವೆ ಮೇಲೆ ನಿಂತ್ರೆ ಜೂನ್ ಹೊತ್ತಲ್ಲಿ ಬೆಳಕು ಹೊಳೆ ಹರಿದು ಹೋಗೋ ದಿಕ್ಕಿಗೆ ಹತ್ತಿರ ಬೀಳತ್ತೆ, ನೀರಿನ ಉದ್ದಕ್ಕೂ ದಾರಿ ಹಾಸಿದ ಹಾಗೆ, ಡಿಸೆಂಬರಲ್ಲಿ ಭದ್ರಾವತಿ ಕಡೆಯಿಂದ ಆಚೆ ದಡದ ಮರಗಳ ಹಿಂದಿಂದ ಅಡ್ಡಕ್ಕೆ ಬರತ್ತೆ. ಹೊತ್ತೂ ಬದಲಾಗತ್ತೆ, ಜೂನ್ ಶುರುವಲ್ಲಿ ಆರು ಗಂಟೆಗೆ ಹುಟ್ಟೋ ಸೂರ್ಯ ಜನವರಿ ಕೊನೇಲಿ ಏಳರ ಹತ್ತಿರ ಹುಟ್ತಾನೆ. ಹಂಗಾಗಿ ಅಲಾರಾಂ ಗಡಿಯಾರದ ಟೈಮಿಗಿಂತ ಸೂರ್ಯೋದಯದ ಲೆಕ್ಕಕ್ಕೆ ಇಟ್ಕೊಳ್ಳಿ, ಹುಟ್ಟಿ ಇಪ್ಪತ್ತು ನಿಮಿಷಕ್ಕೆ ಫ್ರೇಮ್ ಅಂತ.

ಫೋಟೋ ಜೋಡಿಸಿ ಇಡೋದು ಹೇಗೆ ಅಂತ ನೀವು ಕೇಳಿಲ್ಲ, ಆದ್ರೆ ಹೇಳ್ದೇ ಇರಕ್ಕೆ ಆಗಲ್ಲ. ನಾನು ಮೊದಲು ತಿಂಗಳ ಹೆಸರಲ್ಲಿ ಫೋಲ್ಡರ್ ಮಾಡ್ತಿದ್ದೆ. ಜುಲೈ ಅಂತ ಒಂದು ಫೋಲ್ಡರ್ ತೆಗೆದ್ರೆ ಅದರೊಳಗೆ ಮೂರು ಥರದ ಹೊಳೆ ಇರೋದು. ಆಮೇಲೆ ನಮ್ಮ ಅಜ್ಜಿ ಮಾತಾಡ್ತಿದ್ದ ಲೆಕ್ಕಕ್ಕೆ ಬಂದೆ, ಮಳೆ ನಕ್ಷತ್ರದ ಲೆಕ್ಕ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಅಂತ ಒಂದೊಂದು ಮಳೆನೂ 13-14 ದಿನ, ವರ್ಷಕ್ಕೆ 27. ಯಾವ ಕ್ಯಾಲೆಂಡರಲ್ಲಾದ್ರೂ ಸಿಗತ್ತೆ. ಇದು ಜ್ಯೋತಿಷ್ಯ ನಂಬೋ ಬಿಡೋ ಪ್ರಶ್ನೆ ಅಲ್ಲ, ಸೂರ್ಯ ಆಕಾಶದಲ್ಲಿ ಸರಿಯೋದನ್ನ 27 ಭಾಗ ಮಾಡಿರೋದು ಅಷ್ಟೇ, ಫೋಟೋ ತೆಗೆಯೋರಿಗೆ ಇದಕ್ಕಿಂತ ಒಳ್ಳೆ ಅಳತೆ ಇಲ್ಲ. 13 ದಿನದ ಗುರಿ ಮುಟ್ಟೋದು ಸುಲಭ, 365 ಅಂದ್ರೆ ಎದೆ ಒಡೆಯತ್ತೆ. ಒಂದು ಮಳೆ ಮುಗಿದ ಮೇಲೆ ಆ 13ರಲ್ಲಿ ಒಂದನ್ನ ಆರಿಸಿ 4x6 ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಲ್ಲಿ ತಾರೀಖು, ಹೊತ್ತು, ಮಳೆ ಹೆಸರು, ಆವತ್ತು ಊರಿನ ಮೇಲ್ಗಡೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಮಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ) ನೀರು ಬಿಟ್ರು ಅನ್ನೋದು ಬರೀರಿ.

ಕ್ಯೂಸೆಕ್ ಯಾಕೆ ಅಂತೀರಾ? ಶಿವಮೊಗ್ಗದಲ್ಲಿ ಹೊಳೆ ಏರೋದೂ ಇಳಿಯೋದೂ ಊರಿನ ಮಳೆಯಿಂದಲ್ಲ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಹೊಯ್ದಿದ್ದು ಗಾಜನೂರಿಗೆ ಬಂದು ಸೇರತ್ತೆ, ಆ ಡ್ಯಾಮ್ ಚಿಕ್ಕದು, 3.24 ಟಿಎಂಸಿ ಅಷ್ಟೇ, ಬೇಗ ತುಂಬಿಬಿಡತ್ತೆ, ತುಂಬಿದ ಮೇಲೆ ಬಂದಿದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಹಂಗಾಗಿ ನಮ್ಮೂರಲ್ಲಿ ಬಟ್ಟೆ ಒಣಗೋ ಬಿಸಿಲಿದ್ರೂ ಹೊಳೇಲಿ ನೆರೆ ಇರಬಹುದು. ಆ ಬಿಸಿಲಲ್ಲಿ ಮಿಂಚೋ ಕೆಂಪು ನೀರಿನ ಫೋಟೋ ಬೇಕು ಅಂದ್ರೆ ಬೆಳಗ್ಗೆ ಪೇಪರ್ ನೋಡಿ ಹೊರಡಬೇಕು. ಇದರ ಜೊತೆಗೇ ಇನ್ನೊಂದು ಮಾತು, ಮಳೆಗಾಲದಲ್ಲಿ ಮೆಟ್ಟಿಲು ಇಳಿಬೇಡಿ. ಕ್ಯಾಮೆರಾ ಕಣ್ಣಿಗೆ ಹಚ್ಚಿದಾಗ ಕಾಲ ಕೆಳಗಿನ ಪಾಚಿ ಕಾಣಲ್ಲ, ನೀರು ಒಂದು ಮೆಟ್ಟಿಲು ಏರಿದ್ದೂ ತಿಳಿಯಲ್ಲ. ಸೇತುವೆ ಮೇಲಿಂದ, ಇಲ್ಲಾ ಸ್ಮಾರ್ಟ್ ಸಿಟಿಯವ್ರು ಮಾಡಿರೋ ವಾಕಿಂಗ್ ದಾರಿಯಿಂದ, ಅದೂ ಪೊಲೀಸ್ರು ಬಿಟ್ಟಿದ್ರೆ.

ಇನ್ನು ಜನ. ಗುರಾಯಿಸ್ತಾರೆ ಅಂದ್ರಿ, ಗುರಾಯಿಸಬೇಕಾದ್ದೇ. ಸ್ನಾನ ಮಾಡೋರದ್ದು ತೆಗೀಲೇಬೇಡಿ, ಕೇಳಿ ಕೂಡ ತೆಗೀಬೇಡಿ. ಪಿಂಡ ಬಿಡೋರು, ಅಸ್ಥಿ ಬಿಡೋರು ಬಂದ್ರೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಆಚೆ ನಡೀರಿ, ಅವರ ಮನೇಲಿ ಸಾವಾಗಿದೆ. ಬಟ್ಟೆ ಒಗೆಯೋರ ವಿಷಯ ಸ್ವಲ್ಪ ಬೇರೆ, ಅವರು ದಿನಾ ಅಲ್ಲಿರೋರು, ನೀವೂ ದಿನಾ ಹೋಗೋರು, ಪರಿಚಯ ಆಗಕ್ಕೆ ಅವಕಾಶ ಇದೆ. ನಾನು ಶುರುವಲ್ಲಿ ದೂರದಿಂದ ಜೂಮ್ ಹಾಕಿ ಕದ್ದು ತೆಗೀತಿದ್ದೆ. ಒಂದಿನ ಒಬ್ಬಾಕೆ ಸೀರೆ ಹಿಂಡ್ತಾ ಹಿಂಡ್ತಾನೇ ಜೋರಾಗಿ ಅಂದ್ರು, "ನಮ್ಮನ್ನ ಯಾಕೆ ತೆಗೀತಿ ತಮ್ಮಾ, ಹೊಳೆ ತೆಗಿ." ಆ ಮಾತು ಸರಿಯಾಗೇ ಇತ್ತು. ಅವತ್ತಿಂದ ಎರಡು ವಾರ ಬರೀ ಕೈಯಲ್ಲಿ ಹೋಗಿ ಮಾತಾಡ್ಸಿದೆ, ಆಮೇಲೆ ಕೇಳಿದೆ, ಮುಖ ಬೇಡ ಅಕ್ಕಾ, ಕಲ್ಲೂ ಕೈಯೂ ಮಾತ್ರ ಅಂತ. ಆ ಕಲ್ಲು ನೋಡಬೇಕು ನೀವು, ಎಷ್ಟು ವರ್ಷದ ಬಟ್ಟೆ ಕುಕ್ಕಿ ಕುಕ್ಕಿ ನಡುವೆ ಒಂದು ತಗ್ಗು ಬಿದ್ದು ಬೋಗುಣಿ ಥರ ಆಗಿದೆ, ಆ ತಗ್ಗಲ್ಲಿ ನಿಂತ ಸೋಪಿನ ನೀರಲ್ಲಿ ಆಕಾಶ ಕಾಣತ್ತೆ, ಅಂಚಿನಲ್ಲಿ ಅವರ ಕೈ, ಬಳೆ ಮೊಣಕೈ ತನಕ ಏರಿಸ್ಕೊಂಡಿದಾರೆ, ಬೆರಳ ತುದಿ ನೀರಲ್ಲಿದ್ದು ಇದ್ದು ಬೆಳ್ಳಗೆ ಸುಕ್ಕಾಗಿದೆ. ಮುಂದಿನ ವಾರ ಅದರ ಪ್ರಿಂಟ್ ಕೊಟ್ಟೆ. ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ಎರಡೂ ಕೈಯಲ್ಲಿ ತಗೊಂಡ್ರು. ನೀವು ಯಾರ ಫೋಟೋ ತೆಗೆದ್ರೂ ಒಂದು ಪ್ರಿಂಟ್ ಕೊಡಿ, ಇದನ್ನ ನಿಯಮ ಅಂತಲೇ ಇಟ್ಕೊಳ್ಳಿ.

ಚೆಂದ ಇಲ್ಲದ್ದನ್ನೂ ತೆಗೀರಿ ಅಂತ ಹೇಳ್ಬೇಕು. ನಿಮ್ಮ 12 ಫೋಟೋದಲ್ಲಿ ಒಂದ್ರಲ್ಲೂ ಚರಂಡಿ ಇಲ್ಲ, ಕಸ ಇಲ್ಲ. "ಗಂಗಾ ಸ್ನಾನ, ತುಂಗಾ ಪಾನ" ಅಂತ ಹಿರಿಯರು ಹೇಳ್ಕೊಂಡು ಬಂದ ನೀರು ಇದು, ಕುಡಿಯೋಕೆ ತುಂಗೆಗಿಂತ ರುಚಿ ಇಲ್ಲ ಅಂತ, ಅದೇ ಹೊಳೆಗೆ ಊರಿನ ಚರಂಡಿ ನೀರು ಬಂದು ಸೇರ್ತಿದೆ. ಅಂಥ ಒಂದು ಜಾಗ ಆರಿಸ್ಕೊಂಡು ಅದನ್ನ ಎರಡನೇ ಫ್ರೇಮ್ ಮಾಡ್ಕೊಳ್ಳಿ, ವಾರಕ್ಕೊಂದು ಸಲ ಸಾಕು. ಗಣಪತಿ ಬಿಟ್ಟ ಮಾರನೇ ಬೆಳಗ್ಗೆ ದಡದಲ್ಲಿ ಹುಲ್ಲು, ಕೋಲು, ಹೂವಿನ ಹಾರ, ಪ್ಲಾಸ್ಟಿಕ್ ಕವರ್ ಬಿದ್ದಿರೋದನ್ನ ತೆಗೀರಿ. ತಾರೀಖು ಸಮೇತ ಒಂದೇ ಕೋನದಿಂದ ತೆಗೆದ 50 ಫೋಟೋ ಇದ್ರೆ ಯಾವ ಸಭೇಲಾದ್ರೂ ಮೇಜಿನ ಮೇಲೆ ಇಡಬಹುದು, ಅದು ದೂರು ಅಂತ ಬಾಯಲ್ಲಿ ಹೇಳೋದಕ್ಕಿಂತ ಗಟ್ಟಿ. ನನಗೆ ಈ ಹೊಳೆ ಅಂದ್ರೆ ಜೀವ, ಅದಕ್ಕೇ ಹೇಳ್ತಿದೀನಿ, ಬರೀ ಸೂರ್ಯೋದಯ ತೆಗೆದು ಇದನ್ನ ಬಿಟ್ರೆ ನಾವು ಹೊಳೆ ನೋಡಿದ ಹಾಗಾಗಲ್ಲ.

ಸಕ್ರೆಬೈಲು ಆನೆ, ಮಂಡಗದ್ದೆ ಹಕ್ಕಿ ಅಂತ ಗೆಳೆಯರು ಕರೀತಾರೆ, ಹೋಗ್ಬನ್ನಿ, ಮಂಡಗದ್ದೆ ಇಲ್ಲಿಂದ ಸುಮಾರು 30 ಕಿಲೋಮೀಟರ್, ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರ್ತವೆ. ಆದ್ರೆ ಅದು ಪ್ರವಾಸ, ಅಭ್ಯಾಸದ ಲೆಕ್ಕಕ್ಕೆ ಬರಲ್ಲ. ಭಾನುವಾರ ದಾವಣಗೆರೆಗೆ ಹೋದಾಗ ತಪ್ಪಿದ ದಿನಾನೂ ಖಾಲಿ ಬಿಡಿ. ಸೋಮವಾರ ಎರಡು ತೆಗೆದು ಒಂದಕ್ಕೆ ಭಾನುವಾರದ ತಾರೀಖು ಹಾಕೋದು ಮಾತ್ರ ಮಾಡ್ಬೇಡಿ, ಒಂದು ಸುಳ್ಳು ತಾರೀಖು ಸೇರಿದ್ರೆ ಇಡೀ ಸಾಲು ಕೆಡತ್ತೆ.

ಇನ್ನು ಸಾಮಾನಿನ ವಿಷಯ, ದಾವಣಗೆರೆಯವರಿಗೆ ಇದು ಗೊತ್ತಿರಲ್ಲ ಅಂತ ಒತ್ತಿ ಹೇಳ್ತೀನಿ. ಮಲೆನಾಡಿನ ಸೆರಗಿನ ಮಳೆಗಾಲದಲ್ಲಿ ಲೆನ್ಸ್ ಒಳಗೆ ಬೂಷ್ಟು ಹಿಡಿಯತ್ತೆ, ಜೇಡರ ಬಲೆ ಥರ ಬೆಳ್ಳಗೆ ಎಳೆ ಎಳೆ. ನನ್ನ ಒಂದು 50 ಮಿಮೀ ಲೆನ್ಸ್ ಹಂಗೇ ಹೋಯ್ತು, ಒದ್ದೆ ಬ್ಯಾಗಲ್ಲಿ ಎರಡು ವಾರ ಬಿಟ್ಟಿದ್ದೆ. ಗಾಳಿ ಆಡದ ಹಾಗೆ ಮುಚ್ಚೋ ಪ್ಲಾಸ್ಟಿಕ್ ಡಬ್ಬಿ, ಅಕ್ಕಿ ಡಬ್ಬಿ ಥರದ್ದೇ, ಅದರಲ್ಲಿ ಬಣ್ಣ ಬದಲಾಗೋ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶದ ಮೀಟರ್. 40ರಿಂದ 50 ಪರ್ಸೆಂಟ್ ಒಳಗೆ ಇರಬೇಕು. ಜೆಲ್ ಬಣ್ಣ ತಿರುಗಿದ್ರೆ ದಪ್ಪ ತಳದ ಬಾಣಲೇಲಿ ಸಣ್ಣ ಉರೀಲಿ ಹುರಿದು ಆರಿಸಿ ಮತ್ತೆ ಹಾಕಿ, ಅಡಿಗೆ ಮಾಡೋ ಬಾಣಲೆ ಬೇಡ, ಬೇರೆ ಇಟ್ಕೊಳ್ಳಿ. ಹೊಳೆಯಿಂದ ಬಂದ ತಕ್ಷಣ ಕ್ಯಾಮೆರಾ ಡಬ್ಬಿಗೆ ತುಂಬಬೇಡಿ, ಒರೆಸಿ ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟು ಆಮೇಲೆ. ಫೋಟೋಗಳು ಎರಡು ಕಡೆ ಇರಲಿ, ಒಂದು ಮನೇಲಿ, ಒಂದು ಬೇರೆ ಊರಲ್ಲಿ, ನಿಮಗಂತೂ ದಾವಣಗೆರೆ ಮನೆ ಇದೆ. ನನ್ನ ಎರಡು ಮಳೆಗಾಲದ ಫೋಟೋ ಒಂದೇ ಹಾರ್ಡ್ ಡಿಸ್ಕಲ್ಲಿದ್ದು ಹೋದವು, ರಿಪೇರಿಗೆ ಕೊಟ್ಟ ಕಡೆ ಏನೂ ಸಿಗಲಿಲ್ಲ. ಆ ಎರಡು ವರ್ಷ ಹೊಳೆ ಹೇಗಿತ್ತು ಅಂತ ತೋರಿಸಕ್ಕೆ ನನ್ನತ್ರ 11 ಪ್ರಿಂಟ್ ಉಳಿದಿದೆ ಅಷ್ಟೇ, ಅವೂ ಬೇರೆಯವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳಿ ತಂದು ಸ್ಕ್ಯಾನ್ ಮಾಡಿಸಿದ್ದು.

ಈಗ ರೋಹಿಣಿ ಮಳೆ ನಡೀತಿದೆ, ಜೂನ್ 7ರ ಹೊತ್ತಿಗೆ ಮೃಗಶಿರ ಹಿಡಿಯತ್ತೆ, ಅದಾದ ಮೇಲೆ "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅಂತಾರಲ್ಲ ಆ ಆರಿದ್ರ, ಅಷ್ಟೊತ್ತಿಗೆ ನೀರು ಕೆಂಪಾಗಿರತ್ತೆ. ಮಂಟಪದ ಬುಡದ ಬಂಡೆ ಈಗ ಒಣಗಿ ಬಿಸಿಲಿಗೆ ಬೆಳ್ಳಗೆ ಕಾಣ್ತಾ ಇದೆ, ಹೋದ ವರ್ಷದ ನೀರು ಬಿಟ್ಟು ಹೋದ ಗೆರೆ ಕಂಬದ ಮೇಲೆ ಇನ್ನೂ ಇದೆ. ನಾಳೆ ಬೆಳಗ್ಗೆ ಕ್ಯಾಮೆರಾ ಹೊರಗೆ ತೆಗೆದು ಆ ಒಂದು ಫ್ರೇಮ್ ಕಟ್ಕೊಳ್ಳಿ, ಈ ವಾರ ಬಿಟ್ರೆ ಆ ಬಂಡೆ ಮತ್ತೆ ಕಾಣೋದು ಬರೋ ಬೇಸಿಗೇಲೇ. ಮೃಗಶಿರದ 13 ಮುಗಿದ ಮೇಲೆ ಆರಿಸಿದ ಒಂದನ್ನ ಕಳಿಸಿ, ಹಿಂದೆ ಬರೆದಿದ್ದರದ್ದೂ ಒಂದು ಫೋಟೋ ಜೊತೆಗಿರಲಿ.